ತ್ರಿಫೋನನ ಮಂಡಿಚೀಲ

ಗಂಡ ತ್ರಿಫೋನನ ಶವದ ಬಿಳಿಬಟ್ಟೆಯ ಮೇಲೆ ಅಡ್ಡಡ್ಡ ಸುತ್ತಿದ್ದ ಪಟ್ಟಿಯನ್ನು ವಾಸ್ಸಾ ಮೊಣಕಾಲಿನ ಹತ್ತಿರ ಸಡಿಲಿಸುತ್ತಿದ್ದಳು. ಅಷ್ಟರಲ್ಲಿ ಗಂಡನ ಅಕ್ಕ ಫೆವ್ರೋನ್ಯಾ ಬಾಗಿಲು ತಳ್ಳಿಕೊಂಡು ಬಂದಳು.

"ಏನೇ ಮಾಡ್ತಿದೀಯಾ? ನಿನ್ನೆ ತೊಳೆದು, ಸುತ್ತಿ, ಕಟ್ಟಿ ಮಲಗಿಸಿದ್ದನ್ನ ಬಿಚ್ತಿದೀಯಲ್ಲೇ!"

"ಒಂದು ನಿಮಿಷ ಅತ್ತಿಗೆ. ಇದೊಂದು ಹಾಕಿಬಿಡ್ತೀನಿ."

ವಾಸ್ಸಾಳ ಕಂಕುಳಲ್ಲಿ ಹೊಸ ಮಂಡಿಚೀಲದ ಜೋಡಿ ಇತ್ತು. ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಮೀನು ಹಿಡಿಯುವಾಗ ತ್ರಿಫೋನ್ ಮಂಡಿಗೆ ಕಟ್ಟಿಕೊಳ್ಳುತ್ತಿದ್ದಂಥದ್ದು. ಒಳಗೆ ಕುರಿಚರ್ಮ, ನಡುವೆ ಹಳೆಯ ಉಣ್ಣೆಬೂಟಿನಿಂದ ಕತ್ತರಿಸಿದ ದಪ್ಪ ಪದರ, ಹೊರಗೆ ಲಾರಿ ಟ್ಯೂಬಿನ ರಬ್ಬರು. ತ್ರಿಫೋನ್ ಸಾಯುವ ಹಿಂದಿನ ಸಂಜೆಯಷ್ಟೇ ಕೊನೆಯ ಹೊಲಿಗೆ ಬಿದ್ದಿತ್ತು. ಅವನು ಅದನ್ನು ಕೈಯಲ್ಲಿ ತೂಗಿ, "ನಾಳೆ ನೋಡೋಣ" ಎಂದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿ ಮಲಗಿದವನು ಬೆಳಿಗ್ಗೆ ಏಳಲೇ ಇಲ್ಲ.

"ತಲೆ ಕೆಟ್ಟಿದೆಯೇನೇ ನಿನಗೆ? ನನ್ನ ತಮ್ಮ ಅಲ್ಲಿಗೆ ಮೀನು ಹಿಡಿಯೋಕೆ ಹೋಗ್ತಿದಾನಾ?"

"ಎಲ್ಲಿಗಾದ್ರೂ ಹೋಗ್ಲಿ, ಒದ್ದೆ ಮಂಡೀಲಿ ಹೋಗೋದು ಬೇಡ. ನಲವತ್ತು ಚಳಿಗಾಲ ಹೊಲಿದೆ ಅತ್ತಿಗೆ. ಒಂದು ಚಳಿಗಾಲಾನೂ ಅವನ ಮಂಡಿ ಬೆಚ್ಚಗಿಡೋಕೆ ನನ್ನ ಕೈಲಿ ಆಗ್ಲಿಲ್ಲ."

ಫೆವ್ರೋನ್ಯಾ ಕೇಳುವವಳೇ? ಸೀದಾ ಹೋಗಿ ಸವ್ವಾತಿ ಅಜ್ಜನನ್ನು ಕರೆತಂದಳು. ನಮ್ಮ ಪ್ರಾರ್ಥನಾ ಮನೆಯಲ್ಲಿ ಪಾದ್ರಿಗಳಿಲ್ಲ. ಹಳೆಯ ಪುಸ್ತಕ ಓದಲು ಬರುವ ಹಿರಿಯರೊಬ್ಬರು ಎಲ್ಲ ನಡೆಸಿಕೊಡುತ್ತಾರೆ. ಈಗ ಆ ಹಿರಿಯ ಸವ್ವಾತಿ ಅಜ್ಜ. ಅವನೂ ಹುಟ್ಟಾ ಮೀನುಗಾರನೇ, ಹಾಗಾಗಿ ಮಂಡಿಚೀಲವನ್ನು ಕೈಗೆತ್ತಿಕೊಂಡವನು ಬಂದ ಕೆಲಸವನ್ನೇ ಮರೆತ.

"ಹೊಲಿಗೆಗೆ ಏನು ಹಚ್ಚಿದೀಯಮ್ಮಾ?"

"ಜೇನುಮೇಣ. ಅದಕ್ಕೊಂದಿಷ್ಟು ಕೊಬ್ಬು."

"ಭೇಷ್." ಅಜ್ಜ ಅದನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. "ಆದ್ರೆ ಬೇಡಮ್ಮಾ. ಶಿಲುಬೆ, ಜಪ ಎಣಿಸೋ ಪಟ್ಟಿ, ಅಡ್ಡಬೀಳುವಾಗ ಕೈಯೂರೋ ದಿಂಬು. ನಮ್ಮ ಅಪ್ಪಂದಿರು ತಗೊಂಡು ಹೋಗಿದ್ದು ಇಷ್ಟೇ."

"ಕೈಗೆ ದಿಂಬು ಇರಬಹುದು, ಮಂಡಿಗೆ ಬೇಡ್ವಾ?"

ಅಜ್ಜ ಗಡ್ಡ ಕೆರೆದುಕೊಂಡ. "ಮಂಡಿ ಸ್ವಲ್ಪ ನೋಯ್ಲಿ ಅಂತಾನೇ ಅಲ್ವೇನಮ್ಮಾ ಅಡ್ಡಬೀಳೋದು?"

ವಾಸ್ಸಾ ಸಡಿಲಿಸಿದ್ದ ಪಟ್ಟಿಯನ್ನು ಬಿಗಿದು ಸುತ್ತಿದಳು. ಸುತ್ತುವಾಗ ಅಂಗೈ ಒಂದು ಗಳಿಗೆ ಅವನ ಎಡಮಂಡಿಯ ಮೇಲೆ ನಿಂತಿತು. ನೋವಿದ್ದದ್ದು ಅದೇ ಮಂಡಿಯಲ್ಲಿ.

*

ಬೆಳೆದ ಈರುಳ್ಳಿಯನ್ನು ಜಡೆಯಂತೆ ಹೆಣೆದು, ಮಾರಿ, ಮನೆ ಖಾಲಿಯಾದ ಮೇಲೆ ಪ್ರತಿ ಶರತ್ಕಾಲದಲ್ಲೂ ಒಂದು ಸಂಜೆ ಅಳತೆಯ ಸಂಜೆ. ತ್ರಿಫೋನ್ ಪ್ಯಾಂಟು ಮಡಚಿ ನಿಲ್ಲುತ್ತಿದ್ದ. ವಾಸ್ಸಾ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮಂಡಿಗೆ ದಾರ ಸುತ್ತುತ್ತಿದ್ದಳು.

"ಅಲ್ಲಾಡಬೇಡ."

"ನಾನೆಲ್ಲಿ ಅಲ್ಲಾಡಿದೆ?"

"ಎಲ್ಲರ ಹಾಗೆ ಪೆಟ್ಟಿಗೆ ಮೇಲೆ ಕೂತು ಮೀನು ಹಿಡಿಯೋಕೆ ನಿನಗೇನು ಧಾಡಿ?"

"ಮಂಡಿಯೂರಿ ಬಗ್ಗಿದ್ರೇನೇ ತೂತಿನೊಳಗೆ ಮೀನು ಕಾಣೋದು ಕಣೇ."

ಬರೀ ಕುರಿಚರ್ಮ ಹೊಲಿದ ವರ್ಷ, ಬೆಚ್ಚಗಿತ್ತು, ನೀರು ಕುಡೀತು ಎಂದ. ಬರೀ ರಬ್ಬರು ಹಾಕಿದ ವರ್ಷ ನೀರು ಬರಲಿಲ್ಲ, ಮೂಳೆಯೊಳಗೆ ಚಳಿ ಬಂತು ಎಂದ. ಎರಡನ್ನೂ ಕೂಡಿಸಿ ಹೊಲಿದ ಮೇಲೂ ಸಂಜೆಗೆ ಅದೇ ಕತೆ. ಒಲೆಯ ಮುಂದಿನ ಸ್ಟೂಲಿನಲ್ಲಿ ಕೂತು ಕಾಲು ಚಾಚುತ್ತಿದ್ದ. ಅವಳು ಬೈಯುತ್ತಾ ಮಂಡಿಚೀಲ ಬಿಚ್ಚಿ ಮೊಳೆಗೆ ಹಾಕಿ, ಹೆಬ್ಬಾತಿನ ಕೊಬ್ಬನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಅವನ ಮಂಡಿಗಳನ್ನು ತಿಕ್ಕುತ್ತಿದ್ದಳು. ನೆಲವೆಲ್ಲ ನೀರು ಎಂದು ಅವನೇ ಗೊಣಗಿದರೆ, "ಒಣಗುತ್ತೆ ಬಿಡು, ಬೆಳಿಗ್ಗೆಗೆ ಒಣಗುತ್ತೆ" ಎನ್ನುತ್ತಿದ್ದಳು. ಮಕ್ಕಳಿಲ್ಲದ ಮನೆ. ದಿನಕ್ಕೆ ಅಷ್ಟು ಹೊತ್ತು ಅವರು ಎದುರೆದುರು ಕೂರುತ್ತಿದ್ದದ್ದು ಆಗ ಮಾತ್ರ.

*

ಸ್ಮಶಾನ ಸರೋವರದ ದಡದಲ್ಲೇ ಇರುವುದರಿಂದ ಗುಂಡಿಯ ತಳದಲ್ಲಿ ನೀರು ಜಿನುಗಿತ್ತು. ತ್ರಿಫೋನನ ಜೊತೆ ಮೀನಿಗೆ ಹೋಗುತ್ತಿದ್ದ ಲುಕ್ಯಾನ್ ಬಕೆಟ್ಟಿನಲ್ಲಿ ಎಷ್ಟು ಎತ್ತಿಹಾಕಿದರೂ ಮತ್ತೆ ಬಂತು.

"ನೀರಲ್ಲಿ ಇಡ್ತೀರಲ್ರೋ ಅವನನ್ನ!" ವಾಸ್ಸಾ ಕೂಗಿಯೇಬಿಟ್ಟಳು. ಫೆವ್ರೋನ್ಯಾ ಅವಳ ತೋಳು ಹಿಡಿದುಕೊಂಡಳು. ಶವಪೆಟ್ಟಿಗೆ ಕೆಳಗಿಳಿದಾಗ ಪಚಕ್ಕೆಂದಿತು.

ಮನೆಯಲ್ಲಿ ಜೇನು ಬೆರೆಸಿದ ಗೋಧಿ, ಮೀನಿನ ಸಾರು, ಈರುಳ್ಳಿ ತುಂಬಿದ ರೊಟ್ಟಿ ಬಡಿಸಿದರು. ವಾಸ್ಸಾ ಮುಟ್ಟಲಿಲ್ಲ. ಚಹಾ ಬಂದಾಗ ಲುಕ್ಯಾನ್ ಬೆಂಚು ಸರಿಸಿಕೊಂಡು ಅವಳ ಪಕ್ಕ ಬಂದ.

"ಅಳಬೇಡಿ ವಾಸ್ಸಕ್ಕ. ಮೀನು ಹಿಡಿಯೋವಾಗ ಅವನ ಮಂಡಿ ಯಾವತ್ತೂ ಒದ್ದೆಯಾಗಿದ್ದೇ ಇಲ್ಲ."

"ಸಮಾಧಾನಕ್ಕೆ ಸುಳ್ಳು ಹೇಳಬೇಡಪ್ಪಾ. ದಿನಾ ಸಂಜೆ ನೀರು ಸುರೀತಿತ್ತು. ಬಿಚ್ತಿದ್ದೋಳು ನಾನು."

"ಸುರೀತಿತ್ತು." ಲುಕ್ಯಾನ್ ಲೋಟವನ್ನೇ ನೋಡುತ್ತಾ ಹೇಳಿದ. "ಮನೆಗೆ ಹೊರಡೋ ಮುಂಚೆ ಎರಡನ್ನೂ ಬಿಚ್ಚಿ, ತೂತಿನಲ್ಲಿ ಅದ್ದಿ, ಕುರಿಚರ್ಮ ನೀರು ಕುಡಿಯೋ ತನಕ ಹಿಡ್ಕೊಂಡು, ಮತ್ತೆ ಕಟ್ಕೊಳ್ತಿದ್ದ. ಹಲ್ಲು ಕಟಕಟ ಅಂತಿತ್ತು ಮಾರಾಯನಿಗೆ. ನಾನು ಜೊತೆಗೆ ಹೋಗೋಕೆ ಶುರು ಮಾಡ್ದಾಗಿಂದ ನೋಡಿದೀನಿ."

ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು.

"ನಾನು ಹೊಲಿದಿದ್ದು... ಒಳಗೆ ನೀರು ಬರ್ತಿರ್ಲಿಲ್ವಾ?"

"ಒಂದು ಹನಿ ಇಲ್ಲ."

"ಮತ್ತ್ಯಾಕೋ?"

"ನಾನೂ ಕೇಳ್ದೆ. 'ಒಣ ಮಂಡೀಲಿ ಮನೆಗೆ ಹೋದ್ರೆ ಅವಳು ನನ್ನನ್ನ ಯಾಕೋ ಮುಟ್ತಾಳೆ' ಅಂದ."

ವಾಸ್ಸಾಳ ಮುಖ ಕೆಂಪಾಯಿತು.

"ಮೋಸಗಾರ! ನಲವತ್ತು ವರ್ಷ ನನ್ನ ಕಣ್ಣು ಹಾಳು ಮಾಡಿದ್ನಲ್ಲಾ! ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ಅವನಿಗೆ ಧಾಡಿ?"

"ನಮ್ಮಪ್ಪನ ಮನೇಲಿ ಯಾರು ಏನನ್ನ ಬಾಯಿ ಬಿಟ್ಟು ಕೇಳಿದಾರೆ ಹೇಳು," ಎಂದು ಫೆವ್ರೋನ್ಯಾ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದಿಂದ ಮೂಗೊರೆಸಿಕೊಂಡಳು.

*

ಜನ ಕರಗಿದ ಮೇಲೆ, ಇನ್ನೂ ಬೆಳಕಿರುವಾಗಲೇ, ವಾಸ್ಸಾ ಮಂಡಿಚೀಲ ಎತ್ತಿಕೊಂಡು ಸರೋವರಕ್ಕಿಳಿದಳು. ಕೊನೆಯ ವರ್ಷಗಳಲ್ಲಿ ತ್ರಿಫೋನ್ ದೂರ ಹೋಗುತ್ತಿರಲಿಲ್ಲ. ದಡದಿಂದ ಕಾಣುವಷ್ಟರಲ್ಲೇ ತೂತಿನ ಗುರುತಿಗೆ ಅವನು ನೆಟ್ಟ ಫರ್ ಮರದ ಕೊಂಬೆ ನಿಂತಿತ್ತು. ತೂತಿನ ಮೇಲೆ ಕಟ್ಟಿದ್ದ ತೆಳು ಮಂಜಿನ ಪದರವನ್ನು ಹಿಮ್ಮಡಿಯಿಂದ ಒಡೆದಳು. ಮಂಜುಗಡ್ಡೆಯ ಮೇಲೆ ಕರಗಿದ ಹಿಮದ ನೀರು ನಿಂತಿತ್ತು. ಮಂಡಿಚೀಲ ಕಟ್ಟಿಕೊಂಡಳು, ಅವನಿಗೆ ಅಳೆದದ್ದು ಅವಳಿಗೆ ಸ್ವಲ್ಪ ಸಡಿಲ. ನೀರಿನಲ್ಲೇ ಮಂಡಿಯೂರಿದಳು.

ಕಾಲ್ಬೆರಳು ಮರಗಟ್ಟಿದವು. ಕೈಬೆರಳ ತುದಿ ಸುಟ್ಟಂತಾಯಿತು. ಮಂಡಿಗಳು ಮಾತ್ರ ಒಲೆಯ ಪಕ್ಕದಲ್ಲಿದ್ದಂತೆ ಬೆಚ್ಚಗೇ ಇದ್ದವು.

"ಚೆನ್ನಾಗಿದೆ ಕಣೋ," ಎಂದಳು ತೂತಿನ ಕಪ್ಪು ನೀರಿಗೆ. "ತುಂಬಾ ಚೆನ್ನಾಗಿದೆ." ಹಣೆ ಮಂಜುಗಡ್ಡೆಗೆ ತಾಗುವಷ್ಟು ಬಗ್ಗಿ ಅತ್ತಳು. ಅವನು ಬೇಕಾಗಿದ್ದ. ಸುಳ್ಳುಗಾರನೇ ಸರಿ, ಬೇಕಾಗಿದ್ದ.

ಎದ್ದವಳು ಎರಡನ್ನೂ ಬಿಚ್ಚಿದಳು. ತೂತಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ಹಿಡಿದುಕೊಂಡಳು.

ಮನೆಗೆ ಬಂದಾಗ ಪಾತ್ರೆ ತೊಳೆಯುತ್ತಿದ್ದ ಫೆವ್ರೋನ್ಯಾ ಹೌಹಾರಿದಳು. "ಇದೇನೇ, ನೆಲವೆಲ್ಲ ನೀರು!"

"ಒಣಗುತ್ತೆ ಬಿಡಿ ಅತ್ತಿಗೆ. ಬೆಳಿಗ್ಗೆಗೆ ಒಣಗುತ್ತೆ."

ಮಂಡಿಚೀಲವನ್ನು ಮೊಳೆಗೆ ಹಾಕಿದಳು. ಕೊಬ್ಬಿನ ಡಬ್ಬಿ ತೆಗೆದು, ಎರಡೂ ಅಂಗೈಗೆ ಹಚ್ಚಿ, ಖಾಲಿ ಸ್ಟೂಲಿನ ಎದುರು ನೆಲದ ಮೇಲೆ ಕೂತು, ಅಂಗೈಗಳನ್ನು ಉಜ್ಜಿ ಉಜ್ಜಿ ಬಿಸಿ ಮಾಡತೊಡಗಿದಳು.