ಬಾಯಲ್ಲಿ ಓಡಿಸಿದ ಕಾರು

ಆನ್ ಆಗಿದೆಯೋ, ಇಲ್ಲವೋ? ಆಗಿದ್ದರೆ ಇನ್ನೊಮ್ಮೆ ಗುಂಡಿ ಒತ್ತಿದರೆ ಆಫ್ ಆಗುತ್ತದೆ. ಆಗಿಲ್ಲದಿದ್ದರೆ ಹೀಗೇ ಸಂಜೆಯವರೆಗೆ ಕೂತಿರಬೇಕಾಗುತ್ತದೆ. ಡ್ರೈವಿಂಗ್ ಮೇಷ್ಟ್ರು ಹೊಸ ಎಲೆಕ್ಟ್ರಿಕ್ ಕಾರಿನ ಸ್ಟೀರಿಂಗ್ ಹಿಡಿದು, ಕಣ್ಣು ಮುಚ್ಚಿ ಕಿವಿಗೊಟ್ಟರು. ಪಕ್ಕದ ಅಂಗಡಿಯ ಹೊಲಿಗೆ ಮೆಷಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ.

ಇಷ್ಟು ವರ್ಷ ಅವರು ಕಲಿಸಿದ್ದೆಲ್ಲ ಕಿವಿಯಿಂದ. ಇಂಜಿನ್ ಗೊಣಗಿದರೆ ಗೇರ್ ಇಳಿಸಿ, ಕಿರುಚಿದರೆ ಏರಿಸಿ. ಈ ಕಾರಿಗೆ ಗೇರೂ ಇಲ್ಲ, ಗೊಣಗಾಟವೂ ಇಲ್ಲ. ಡ್ರೈವಿಂಗ್ ಸ್ಕೂಲು ಹೆಂಡತಿಯ ತಮ್ಮನದು. ಪೆಟ್ರೋಲ್ ಕಾರು ಮಾರಿ ಇದನ್ನು ತಂದು ನಿಲ್ಲಿಸಿದ ದಿನವೇ ಅವನು ಹೇಳಿದ್ದ:

"ನೋಡಿ ಭಾವ, ಇದರಲ್ಲಿ ನಮ್ಮಮ್ಮನೇ ಪಾಸಾದ್ರೆ ಊರೆಲ್ಲ ಕಲಿಯೋಕೆ ಬರುತ್ತೆ. ಫೇಲಾದ್ರೆ ನೀವು ಒಳಗೆ ಕೂತು ಫೋನ್ ಎತ್ತಿ, ಕಲಿಸೋಕೆ ಬೇರೆಯವರನ್ನ ನೋಡ್ತೀನಿ."

ಮೇಷ್ಟ್ರಿಗೆ ಫೋನೆಂದರೆ ಮೈ ಉರಿಯುತ್ತಿತ್ತು.

ಮೊದಲ ಪಾಠದಲ್ಲಿ ಅತ್ತೆ ಗುಂಡಿ ಒತ್ತಿ, "ಅಳಿಯಂದ್ರೇ, ಸದ್ದೇ ಇಲ್ಲ, ಇದರ ಕಥೆ ಮುಗಿದಿದೆ" ಎಂದು ಆಕ್ಸಿಲರೇಟರ್ ತುಳಿದರು. ಕಾರು ಸದ್ದಿಲ್ಲದೆ ಹೋಗಿ ಟೈಲರನ ಬೋರ್ಡಿಗೆ ಮುತ್ತಿಟ್ಟಿತು.

"ಅಳತೆ ಕೊಡೋಕೆ ಬಂದ್ರಾ ಅಮ್ಮ?" ಎಂದು ಟೈಲರ್ ಟೇಪು ಹಿಡಿದೇ ಹೊರಬಂದ.

ಅವತ್ತಿನಿಂದ ಇಂಜಿನ್ನಿನ ಕೆಲಸವನ್ನು ಮೇಷ್ಟ್ರೇ ವಹಿಸಿಕೊಂಡರು. ಕಾರು ಆನ್ ಆಗಿ ನಿಂತಿದ್ದರೆ "ಗುರ್‍ರ್", ವೇಗ ಹೆಚ್ಚಿದರೆ "ಗುಂಯ್ಯ್". ಅತ್ತೆ ತಲೆದೂಗುತ್ತ ಓಡಿಸಿದರು. ಪರೀಕ್ಷೆಯ ಹೊತ್ತಿಗೆ ಮೇಷ್ಟ್ರ ಗಂಟಲು ಕಟ್ಟಿತ್ತು.

ಸಾಲದ್ದಕ್ಕೆ, ಕಾರಿಗೂ ಟೈಲರನ ಇಸ್ತ್ರಿಪೆಟ್ಟಿಗೆಗೂ ಇದ್ದದ್ದು ಒಂದೇ ಪ್ಲಗ್ಗು. ಅವನು ಯಾರದೋ ಕೋಟಿಗೆ ಇಸ್ತ್ರಿ ಹಾಕಿ, ಕಾರಿನ ವೈರನ್ನು ಮತ್ತೆ ಸಿಕ್ಕಿಸುವುದನ್ನೇ ಮರೆತಿದ್ದ. ಅಳಿದುಳಿದ ಚಾರ್ಜ್ ಉಳಿಸಲು ಏಸಿ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಪರೀಕ್ಷೆಗೆ ಹೋದರು.

ಪರೀಕ್ಷಕರು ಮುಂದೆ ಕೂತರು, ಮೇಷ್ಟ್ರು ಹಿಂದೆ. ಅತ್ತೆ ಗುಂಡಿ ಒತ್ತಿ ಕಾದರು. ಮೇಷ್ಟ್ರ ಗಂಟಲಿನಿಂದ ಹೊರಟದ್ದು ಕೆಮ್ಮುವ ಮೊಪೆಡ್ಡಿನ ಸದ್ದು.

"ಹಿಂದೆ ಯಾರಿಗ್ರಿ ಹುಷಾರಿಲ್ಲ?" ಎಂದರು ಪರೀಕ್ಷಕರು.

"ಅದು ನಮ್ಮ ಇಂಜಿನ್ನು ಸಾರ್," ಎಂದರು ಅತ್ತೆ.

ಪರೀಕ್ಷಕರು ಕನ್ನಡಿಯಲ್ಲಿ ಮೇಷ್ಟ್ರನ್ನು ನೋಡಿದರು. ಪರೀಕ್ಷಕರ ಮುಖದಲ್ಲಿ ಯಾವುದೋ ಹಳೆಯ ಇಂಜಿನ್ನಿನ ನೆನಪು ಮಿಸುಕಿದಂತಿತ್ತು. "ಹಾಗಲ್ಲ, ಹೀಗೆ" ಎಂದು ತಾವೇ ಶುರುಮಾಡಿದರು. ದಪ್ಪ, ತುಂಬಿದ ಗುರುಗುಟ್ಟು.

"ನಿಮ್ದು ಡೀಸೆಲ್ ಆಯ್ತಲ್ಲ ಸಾರ್," ಎಂದು ಅತ್ತೆ ಕಾರು ಬಿಟ್ಟರು.

ಇಬ್ಬರೂ ಸೇರಿ ಗುರುಗುಟ್ಟುತ್ತ ತಿರುವು ದಾಟಿದಾಗ ಸೈಕಲ್ಲಿನವನೊಬ್ಬ ಇಳಿದು ನಿಂತು ಬಾಯಿ ಬಿಟ್ಟುಕೊಂಡು ನೋಡಿದ.

"ಇಬ್ರೂ ಒಂಚೂರು ಬಾಯಿ ಮುಚ್ಕೊಳ್ಳಿ. ಹಿಂದಿನ ಲಾರಿ ಹಾರ್ನು ಕೇಳಿಸ್ತಿಲ್ಲ," ಎಂದರು ಅತ್ತೆ.

ಕಾರಿನಲ್ಲಿ ಮೌನ ಕವಿಯಿತು. ಆ ಮೌನದಲ್ಲೇ ಅತ್ತೆ ಲಾರಿಗೆ ದಾರಿ ಬಿಟ್ಟು, ರಿವರ್ಸ್ ತೆಗೆದು, ಗೆರೆ ಮುಟ್ಟದಂತೆ ಕಾರು ನಿಲ್ಲಿಸಿದರು. ಪರೀಕ್ಷಕರು ಪಾಸ್ ಎಂದು ಬರೆದುಕೊಟ್ಟು, ತುಸು ಸಪ್ಪಗೆ ಇಳಿದುಹೋದರು.

"ಅತ್ತೆ, ಸದ್ದಿಲ್ದೆ ಹೇಗೆ ಓಡಿಸಿದ್ರಿ?" ಎಂದು ಮೇಷ್ಟ್ರು ಒಡೆದ ದನಿಯಲ್ಲಿ ಕೇಳಿದರು.

"ಎರಡನೇ ದಿನದಿಂದ್ಲೂ ಹಾಗೇ ಓಡಿಸ್ತಿದ್ದೆ. ಆನ್ ಆದ್ರೆ ಎದುರಿಗೆ ಹಸಿರು ದೀಪ ಹತ್ತುತ್ತಲ್ಲ? ನೀವು ಅಷ್ಟು ಆಸೆಯಿಂದ ಸದ್ದು ಮಾಡ್ತಿದ್ರಿ, ಸಾಕು ಅನ್ನೋಕೆ ಮನಸ್ಸು ಬರ್ಲಿಲ್ಲ."

ಸ್ಕೂಲಿನ ಬಾಗಿಲಲ್ಲೇ ಕಾಯುತ್ತಿದ್ದ ಭಾವಮೈದ ಮೇಷ್ಟ್ರ ಕೈ ಹಿಡಿದು ಕುಲುಕಿದ. "ನಾಳೆಯಿಂದ ಎಲ್ಲರಿಗೂ ನೀವೇ ಕಲಿಸಿ. ಗುಟ್ಟೇನು ಭಾವ?"

"ಗುಟ್ಟೇನಿಲ್ಲ. ಹಸಿರು ದೀಪ ನೋಡ್ಕೊಂಡ್ರೆ ಆಯ್ತು," ಎಂದರು ಮೇಷ್ಟ್ರು.

ಆ ದೀಪವೊಂದು ಇದೆ ಎಂಬುದೇ ತಮಗೆ ಅಂದಿನವರೆಗೆ ಗೊತ್ತಿರಲಿಲ್ಲ ಎಂದು ಅವರು ಯಾರಿಗೂ ಹೇಳಲಿಲ್ಲ.