ಐದನೇ ಪುಟದಲ್ಲಿ ಇಲ್ಲದ ಮಾತು

ಅವತ್ತು ಬೆಳಿಗ್ಗೆ ಯೊಬುವೆಯ ಪತ್ರಿಕೆ ಅಂಗಡಿಯ ಮುಂದೆ ಮೊದಲ ಏಟು ಬಿದ್ದದ್ದು ಒಂದು ಪ್ರಶ್ನೆ ಚಿಹ್ನೆಗಾಗಿ.

ಯೊಬುವೆ ಎಂದಿನಂತೆ ಔಷಧಿ ಅಂಗಡಿಯ ಕಾಂಪೌಂಡಿನುದ್ದಕ್ಕೂ ಹಗ್ಗ ಎಳೆದು, ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಮುಖಪುಟಗಳನ್ನು ನೇತುಹಾಕಿದ್ದ. ಒಂದರಲ್ಲಿ ದಪ್ಪ ಅಕ್ಷರದಲ್ಲಿ ‘ಉತ್ತರದಲ್ಲಿ ಸೈನ್ಯ ಶರಣು?’ ಎಂದಿತ್ತು.

"ಶರಣು ಅಂತ ಬರೆದಿದ್ದಾರೆ, ಮುಗೀತು ನಿಮ್ಮ ಕಥೆ," ಎಂದ ಒಬ್ಬ.

"ಕೊನೇಲಿ ಕೊಕ್ಕೆ ಇದೆ ಕಣೋ, ಕೇಳ್ತಿದ್ದಾರೆ ಅಷ್ಟೆ. ಕಣ್ಣಿಗೇನು ಬೂದಿ ಬಿದ್ದಿದ್ಯಾ?" ಎಂದ ಇನ್ನೊಬ್ಬ.

ಕೊಕ್ಕೆ ತೋರಿಸಲು ಚಾಚಿದ ಬೆರಳನ್ನು ಮೊದಲನೆಯವನು ಹಿಡಿದು ತಿರುಚಿದ. ಎರಡನೆಯವನು ತಲೆಯಿಂದಲೇ ಅವನ ಮೂಗಿಗೆ ಗುದ್ದಿದ. ನೇತಾಡುತ್ತಿದ್ದ ಪತ್ರಿಕೆಗಳ ಮೇಲೆ ರಕ್ತ ಸಿಡಿಯಿತು. ಯೊಬುವೆ ಲಬೋಲಬೋ ಎಂದು ಬಾಯಿ ಬಡಿದುಕೊಂಡ. ದಿಗ್ಬೆ ಇಬ್ಬರ ನಡುವೆ ಬಂದು ನಿಂತ ಮೇಲೆ ಜಗಳ ನಿಂತಿತು.

ದಿಗ್ಬೆ ಸಿಟಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಯೊಪುಗೊನ್ ಬಡಾವಣೆಯ ಆ ಮೂಲೆಯಲ್ಲಿ ದಿನಾ ಬೆಳಿಗ್ಗೆ ಸೇರುವ ಐವತ್ತು ಅರವತ್ತು ಮಂದಿಯಲ್ಲಿ ಪತ್ರಿಕೆ ಕೊಳ್ಳುವವರು ಮೂರೋ ನಾಲ್ಕೋ. ಮಿಕ್ಕವರು ತಲೆಬರಹ ಓದಿ ಮಧ್ಯಾಹ್ನದವರೆಗೆ ವಾದ ಮಾಡುವ ಪಂಡಿತರು. ಅವರಲ್ಲಿ ಒಳಪುಟದವರೆಗೂ ಓದುವವನು ದಿಗ್ಬೆ ಒಬ್ಬನೇ. ಯಾರಾದರೂ ‘ಪೇಪರಿನಲ್ಲಿ ಬಂದಿದೆ’ ಎಂದರೆ ಸಾಕು, ಟಿಕೆಟ್ ಕೇಳುವ ಅದೇ ದನಿಯಲ್ಲಿ "ಎಲ್ಲಿ? ಬೆರಳಿಟ್ಟು ತೋರಿಸು" ಎನ್ನುತ್ತಿದ್ದ. ಬರೆಯದೆ ಇದ್ದದ್ದನ್ನು ದಿಗ್ಬೆ ಹೇಳುವುದಿಲ್ಲ ಎಂದು ನೀಲಿ ಪತ್ರಿಕೆಯವರೂ ಒಪ್ಪುತ್ತಿದ್ದರು, ಹಸಿರು ಪತ್ರಿಕೆಯವರೂ ಒಪ್ಪುತ್ತಿದ್ದರು. ಹೆಸರಿನ ಬಣ್ಣದಿಂದಲೇ ಪತ್ರಿಕೆಗಳನ್ನು ಕರೆಯುವುದು ಅಲ್ಲಿನ ರೂಢಿ. ನೀಲಿ ಹಳೇ ಅಧ್ಯಕ್ಷನ ಕಡೆ, ಹಸಿರು ಹೊಸಬನ ಕಡೆ. ಚುನಾವಣೆಯಲ್ಲಿ ಗೆದ್ದದ್ದು ನಾನೇ ಎಂದು ಇಬ್ಬರೂ ಪ್ರಮಾಣವಚನ ತೆಗೆದುಕೊಂಡ ವರ್ಷ ಅದು.

ಯೊಪುಗೊನ್ ಬಹುಪಾಲು ನೀಲಿ. ದಿಗ್ಬೆಯೂ ನೀಲಿಯೇ. ಅವನ ಜೊತೆ ಹದಿನೈದು ವರ್ಷದಿಂದ ದಿನಾ ವಾದಕ್ಕೆ ನಿಲ್ಲುತ್ತಿದ್ದ ಉತ್ತರದ ಕಡೆಯ ಲಸಿನಾ ಫೊಫಾನ ಮಾತ್ರ ಹಸಿರು. ಎದುರಿನ ಸಾಲಿನಲ್ಲಿ ಲಸಿನಾನ ಹೊಲಿಗೆ ಅಂಗಡಿ. ಪೋಲಿಯೋ ಆಗಿ ಎಡಗಾಲು ಕುಂಟು.

"ಬಂದ್ಯಾ ಕುಂಟ? ನಿನ್ನ ಪೇಪರು ಇವತ್ತು ಏನು ಸುಳ್ಳು ಹೊಲಿದಿದೆ?" ಎಂದು ದಿಗ್ಬೆ ಕೇಳಿದರೆ, "ನಿನ್ನ ಪೇಪರಿನ ಹರಕಲಿಗೆ ತೇಪೆ ಹಾಕೋ ಅಷ್ಟು" ಎನ್ನುತ್ತಿದ್ದ ಲಸಿನಾ. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಮರಗೆಣಸಿನ ಅಟ್ಟಿಯೆಕೆ, ಕರಿದ ಮೀನು ತಿನ್ನುತ್ತಿದ್ದರು.

ಆಮೇಲೆ ನೀಲಿ ಕಡೆಯ ಹುಡುಗರು ರಸ್ತೆ ರಸ್ತೆಗೆ ಟೈರು ಹಚ್ಚಿ ಅಡ್ಡಗಟ್ಟೆ ಹಾಕಿದರು. ಹೊಸಬನ ಸೀಮೆಯಾದ ಉತ್ತರದ ಹೆಸರಿದ್ದವರನ್ನು ವ್ಯಾನಿನಿಂದ ಇಳಿಸಿ ಹೊಡೆಯತೊಡಗಿದರು. ಒಂದು ಹೊಸ ಮಾತೂ ಹುಟ್ಟಿತು: ‘ನೂರಿಪ್ಪತ್ತೈದನೇ ಕಲಂ’. ಸಂವಿಧಾನದ್ದಲ್ಲ. ನೂರು ಫ್ರಾಂಕಿನ ಸೀಮೆಎಣ್ಣೆ, ಇಪ್ಪತ್ತೈದು ಫ್ರಾಂಕಿನ ಬೆಂಕಿಪೊಟ್ಟಣ. ಆ ಕಲಂ ಪ್ರಕಾರ ಬೆಂದ ಒಬ್ಬನ ಹೆಣ ಚರಂಡಿಯ ಬಳಿ ಬಿದ್ದೇ ಇತ್ತು. ಜನ ಮೂಗು ಮುಚ್ಚಿಕೊಂಡು, ಅವನ ಬಗ್ಗೆ ಯಾವ ಪತ್ರಿಕೆ ಏನು ಬರೆಯಿತು ಎಂದು ಮಾತಾಡಿಕೊಂಡು ದಾಟುತ್ತಿದ್ದರು.

"ಊರಿಗೆ ಹೋಗೋ ಮಾರಾಯ," ಎಂದ ದಿಗ್ಬೆ.

"ಹೋಗೋ ದಾರೀಲೇ ಅಡ್ಡಗಟ್ಟೆ ಇರೋದು. ಇಲ್ಲಿ ಆದ್ರೆ ನನ್ನ ಗುರುತಾದ್ರೂ ಇದೆ," ಎಂದ ಲಸಿನಾ.

ಗುರುತೇ ಮುಳುವಾಯಿತು. ಮಾರ್ಚಿನ ಒಂದು ಬೆಳಿಗ್ಗೆ ನೀಲಿ ಪತ್ರಿಕೆಯ ಮುಖಪುಟದಲ್ಲಿ ‘ಯೊಪುಗೊನ್: ದರ್ಜಿಯ ಅಂಗಡಿಯಲ್ಲಿ ಬಂದೂಕು’ ಎಂದು ಬಂತು. ಕೆಳಗೆ ನಾಲ್ಕು ಸಾಲು, ‘ಉಳಿದದ್ದು ಐದನೇ ಪುಟಕ್ಕೆ’. ದಿಗ್ಬೆ ಬರುವ ಹೊತ್ತಿಗೆ ಹಗ್ಗದ ಮುಂದೆ ಒಬ್ಬರೂ ಇರಲಿಲ್ಲ. ಎಲ್ಲರೂ ಎದುರು ಸಾಲಿನಲ್ಲಿದ್ದರು.

ಹೊಲಿಗೆ ಯಂತ್ರ ರಸ್ತೆಯಲ್ಲಿ ಮಗುಚಿ ಬಿದ್ದಿತ್ತು. ಮದುವೆಗೆ ಹೊಲಿಯಲು ಬಂದಿದ್ದ ಬಟ್ಟೆಗಳನ್ನು ತುಳಿಯುತ್ತ ಗುಂಪು ಒಳಗೆ ಹೊರಗೆ ನುಗ್ಗುತ್ತಿತ್ತು. ನಡುವೆ ಲಸಿನಾ ಮಂಡಿಯೂರಿದ್ದ. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಕೊರಳಿಗೆ ಟೈರು ಹಾಕಿ, ತಲೆಯ ಮೇಲೆ ಸೀಮೆಎಣ್ಣೆ ಸುರಿದಿದ್ದರು. ಅದು ಕಣ್ಣಿಗಿಳಿದು, ಕಣ್ಣು ಬಿಡಲಾಗದೆ ಕುರುಡನಂತೆ ಕೈಯಾಡಿಸುತ್ತಿದ್ದ. ಅಡ್ಡಗಟ್ಟೆಯ ಯಜಮಾನ ಟಾಪೆ ಕಬ್ಬಿಣದ ಸಲಾಕೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಮೊನ್ನೆ ಮೊನ್ನೆಯವರೆಗೆ ವ್ಯಾನಿನಲ್ಲಿ ಕಂಡಕ್ಟರಾಗಿದ್ದವನು ಅವನು.

"ಬಂದೂಕು ಎಲ್ಲೋ?" ಎಂದು ಸಲಾಕೆಯಿಂದ ಕುಂಟುಗಾಲಿಗೆ ಹೊಡೆದ. ಒಣಕಟ್ಟಿಗೆ ಮುರಿದ ಸದ್ದಾಯಿತು.

"ಸೂಜಿ ಬಿಟ್ರೆ ಏನೂ ಇಲ್ಲ ಕಣಪ್ಪ," ಎಂದು ಲಸಿನಾ ಕಿರುಚಿದ. "ದಿಗ್ಬೆ ಇದಾನಾ? ದಿಗ್ಬೆ ಬಂದ್ನಾ?"

"ಸಿಕ್ತಾ ಬಂದೂಕು?" ಎಂದು ದಿಗ್ಬೆ ಟಾಪೆಯನ್ನು ಕೇಳಿದ.

"ಸಿಗುತ್ತೆ. ಪೇಪರಿನಲ್ಲೇ ಬಂದಿದ್ಯಲ್ಲ ದೊಡ್ಡಣ್ಣ."

"ಪೂರ್ತಿ ಓದಿದ್ಯಾ?"

"ಓದೋದೇನಿದೆ, ದರ್ಜಿ ಅಂತ ಬಂದಿದೆ. ಯೊಪುಗೊನ್ ಅಂತ ಬಂದಿದೆ. ನೀನು ಇವತ್ತು ವಾದ ಶುರು ಮಾಡಬೇಡ, ನಿನ್ನ ಬಾಯಿಗೂ ಎಣ್ಣೆ ಸುರೀತೀನಿ."

ಹಿಂದಿನಿಂದ ಯಾರೋ "ದುಡ್ಡು ತಿಂದಿದಾನೆ ಮುದುಕ" ಎಂದರು. ಬೆನ್ನಿಗೆ ಒಂದು ದೊಣ್ಣೆ ಏಟು ಬಿತ್ತು. ದಿಗ್ಬೆ ಮುಗ್ಗರಿಸಿ, ಎದ್ದು, ಓಡಿಹೋಗಿ ಯೊಬುವೆಯ ಹಗ್ಗದಿಂದ ಪತ್ರಿಕೆಯನ್ನು ಕಿತ್ತು ತಂದ. ಐದನೇ ಪುಟ ತೆಗೆದ. ಅಲ್ಲಿ ‘ಹೇಳಲಾಗುತ್ತಿದೆ’ ಎಂದಿರುತ್ತದೆ, ‘ಶಂಕಿಸಲಾಗಿದೆ’ ಎಂದಿರುತ್ತದೆ, ಅದನ್ನೇ ಹಿಡಿದು ವಾದಿಸಬಹುದು ಎಂದುಕೊಂಡಿದ್ದ. ಅಲ್ಲಿ ಇದ್ದದ್ದೇ ಬೇರೆ. ‘ಔಷಧಿ ಅಂಗಡಿಯ ಎದುರು, ಕುಂಟು ಕಾಲಿನ ದರ್ಜಿ’ ಎಂದು ಅಚ್ಚಾಗಿತ್ತು.

ಗುಂಪು ಸ್ವಲ್ಪ ಸುಮ್ಮನಾಯಿತು. ದಿಗ್ಬೆ ಪತ್ರಿಕೆ ಬಿಡಿಸಿದಾಗ ಸುಮ್ಮನಾಗಿ ಅವರಿಗೆ ಅಭ್ಯಾಸ.

ದಿಗ್ಬೆ ಆ ಸಾಲಿನ ಮೇಲೇ ಬೆರಳಿಟ್ಟು ಜೋರಾಗಿ ಓದಿದ: "ಆ ದರ್ಜಿಯ ಅಂಗಡಿ ಇರುವುದು ನೀರಿನ ಟ್ಯಾಂಕಿನ ಹಿಂದೆ, ಹಳೇ ಮರದ ಮಿಲ್ಲಿನಲ್ಲಿ." ತಲೆ ಎತ್ತಿ ಹೇಳಿದ, "ಇಲ್ಲಿ ನೀವು ಎಣ್ಣೆ ಖರ್ಚು ಮಾಡ್ತಾ ಕೂತಿದ್ದೀರಿ, ಅಲ್ಲಿ ಬಂದೂಕು ಸಾಗಿಸ್ತಿರ್ತಾರೆ."

"ಹಾಗಂತ ಬರೆದಿದ್ಯಾ?" ಎಂದ ಟಾಪೆ.

"ನೀನೇ ಓದ್ಕೋ," ಎಂದು ದಿಗ್ಬೆ ಪತ್ರಿಕೆ ಚಾಚಿದ.

ಟಾಪೆ ಪತ್ರಿಕೆಯನ್ನು ನೋಡಿದ. ಅಡ್ಡಗಟ್ಟೆಯ ಟೈರಿನ ಹೊಗೆಗೆ ಅವನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಕೈಯೆಲ್ಲ ಎಣ್ಣೆ. ದಿಗ್ಬೆಯ ಉಚ್ಚೆ ತೊಡೆಯ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು.

"ನೀನು ಓದಿದ್ಮೇಲೆ ಇನ್ನೇನು ದೊಡ್ಡಣ್ಣ," ಎಂದ ಟಾಪೆ. ಹೋಗುವ ಮುನ್ನ ಲಸಿನಾನ ಮುಖಕ್ಕೆ ಒಮ್ಮೆ ಒದ್ದ. ಗುಂಪು ಕೇಕೆ ಹಾಕುತ್ತ ಟ್ಯಾಂಕಿನ ಕಡೆಗೆ ಓಡಿತು. ಲಸಿನಾನ ಕೊರಳಿಂದ ಕಿತ್ತ ಟೈರನ್ನೂ ಎಣ್ಣೆಯ ಡಬ್ಬವನ್ನೂ ಹೊತ್ತುಕೊಂಡೇ ಓಡಿತು.

ದಿಗ್ಬೆ, ಅವನ ಹೆಂಡತಿ ಒಡೆಟ್ ಸೇರಿ ಲಸಿನಾನನ್ನು ಎಳೆದುಕೊಂಡು ಮನೆಗೆ ತಂದರು. ಒಡೆಟ್ ಸೋಪು ನೀರಿನಿಂದ ಅವನ ಕಣ್ಣು ತೊಳೆದಳು, ಕಿವಿಯನ್ನು ಅವನದೇ ದಾರದಲ್ಲಿ ಹೊಲಿದಳು. ಲಸಿನಾ ಕೂಗದಂತೆ ದಿಗ್ಬೆ ಅವನ ಬಾಯಿಗೆ ಟವೆಲು ತುರುಕಿ ಹಿಡಿದಿದ್ದ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿದೆ, ಅಲ್ಲಿ ಬೀಗ ನೋಡಿ ವಾಪಸು ಬರುತ್ತಾರೆ, ಅಷ್ಟರಲ್ಲಿ ಇವನನ್ನು ಸಾಗಿಸಬೇಕು ಎಂಬುದಷ್ಟೇ ಅವನ ತಲೆಯಲ್ಲಿತ್ತು. ಮೀನಿನ ಲಾರಿಯೊಂದು ಸಿಕ್ಕಿತು. ಐಸಿನ ಪೆಟ್ಟಿಗೆಗಳ ಹಿಂದೆ ಲಸಿನಾನನ್ನು ಮಲಗಿಸಿ, ಲಾರಿ ತಿರುವು ದಾಟಿದ ಮೇಲೆ ದಿಗ್ಬೆ ತಲೆಯೆತ್ತಿದ. ನೀರಿನ ಟ್ಯಾಂಕಿನ ಹಿಂದಿನಿಂದ ಕಪ್ಪು ಹೊಗೆ ಏಳುತ್ತಿತ್ತು.

ಓಡಿದ. ಮುಚ್ಚಿದ ಮಿಲ್ಲಿನ ಅಂಗಳದಲ್ಲಿ ಯಾರೋ ತಗಡಿನ ಶೆಡ್ಡು ಕಟ್ಟಿಕೊಂಡು ಹಾಸಿಗೆ ತುಂಬುವ ಕೆಲಸ ಮಾಡುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಹೊರಗೆ ಹತ್ತಿ, ಸೀಳಿದ ಹಾಸಿಗೆ ಬಟ್ಟೆ, ಒಂದು ಹೊಲಿಗೆ ಯಂತ್ರ. ದರ್ಜಿ ಎನ್ನಲು ಗುಂಪಿಗೆ ಆ ಯಂತ್ರ ಸಾಕಾಗಿತ್ತು. ಬಾಗಿಲ ಮುಂದೆ ಉರಿಯುತ್ತಿದ್ದ ಮನುಷ್ಯ ಇನ್ನೂ ಕಾಲು ಬಡಿಯುತ್ತಿದ್ದ. ಒಬ್ಬ ಹೆಂಗಸನ್ನು ನಾಲ್ವರು ಹಿಡಿದುಕೊಂಡಿದ್ದರು. ಅವಳು ಅವರ ಕೈಯನ್ನು ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಂಡಿದ್ದಳು. ದಿಗ್ಬೆ ಅಂಗಿ ಬಿಚ್ಚಿ ಬೆಂಕಿಯ ಮೇಲೆ ಬಡಿದ. ಅಂಗಿಗೂ ಹತ್ತಿಕೊಂಡಿತು. ಯಾರೋ ಅವನನ್ನು ಎತ್ತಿ ಆಚೆ ಎಸೆದರು. ಆಮೇಲೆ ಕಾಲು ಬಡಿಯುವುದು ನಿಂತಿತು.

ಮರುದಿನ ನೀಲಿ ಪತ್ರಿಕೆ ಫೋಟೋ ಸಮೇತ ‘ಮರದ ಮಿಲ್ಲಿನಲ್ಲಿ ಬಂದೂಕಿನ ಅಡಗುತಾಣ: ಸಿಟ್ಟಿಗೆದ್ದ ಜನರಿಂದ ದರ್ಜಿಯ ಹತ್ಯೆ’ ಎಂದು ಬರೆಯಿತು. ತಾನು ಬಾಯಿಯಿಂದ ಹುಟ್ಟಿಸಿದ ಮಾತು ಅಚ್ಚಾಗಿ ಹಗ್ಗದಲ್ಲಿ ತೂಗಾಡುವುದನ್ನು ದಿಗ್ಬೆ ನಿಂತು ಓದಿದ. ಪಕ್ಕದಲ್ಲಿದ್ದವನು, "ನೀವು ಹೇಳಿದ್ದು ಸರಿಯಾಗಿತ್ತು ನೋಡಿ," ಎಂದು ಭುಜ ತಟ್ಟಿದ.

ಏಪ್ರಿಲಿನಲ್ಲಿ ಹಳೇ ಅಧ್ಯಕ್ಷ ಸಿಕ್ಕಿಬಿದ್ದ. ಹೊಸಬನ ಬಂದೂಕಿನವರು ಯೊಪುಗೊನಿಗೆ ನುಗ್ಗಿ ಮನೆ ಮನೆ ಜಾಲಾಡಿದರು. ಟಾಪೆಯನ್ನು ಅವನ ತಾಯಿಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ದಿಗ್ಬೆಯನ್ನೂ ಗೋಡೆಗೆ ನಿಲ್ಲಿಸಿದ್ದರು. ಊರುಗೋಲೂರಿಕೊಂಡು ವಾಪಸು ಬಂದಿದ್ದ ಲಸಿನಾ ಅಡ್ಡ ನಿಂತು ಬಿಡಿಸಿದ.

ಆ ಸಂಜೆ ದಿಗ್ಬೆ ಅವನಿಗೆ ಎಲ್ಲ ಹೇಳಿದ.

"ನನಗ್ಯಾಕೆ ಹೇಳ್ದೆ?" ಎಂದ ಲಸಿನಾ. "ನಾನಿನ್ನು ಉಣ್ಣೋದು ಹೇಗೆ?"

ದಿಗ್ಬೆ ಮಿಲ್ಲಿನಲ್ಲಿ ಕಂಡಿದ್ದ ಆ ಹೆಂಗಸನ್ನು ಹುಡುಕಿಕೊಂಡು ಹೋದ. ಹೆಸರು ರಮಾತಾ. ಅಬೊಬೊ ಬಡಾವಣೆಯಲ್ಲಿ ತಮ್ಮನ ಮನೆಯಲ್ಲಿದ್ದಳು. ಅವಳ ಎದುರು ನೆಲದ ಮೇಲೆ ಕೂತು, ಒಂದೂ ಬಿಡದೆ ಹೇಳಿದ. ತಮ್ಮ ಮಧ್ಯದಲ್ಲೇ ಎದ್ದು ಒನಕೆಯಿಂದ ಹೊಡೆಯತೊಡಗಿದ. ಭುಜಕ್ಕೆ ಬಿತ್ತು, ಬಾಯಿಗೆ ಬಿತ್ತು, ಎರಡು ಹಲ್ಲು ಮಡಿಲಿಗೆ ಬಿದ್ದವು. ದಿಗ್ಬೆ ಕೈ ಅಡ್ಡ ಹಿಡಿಯಲಿಲ್ಲ.

"ನಮ್ಮ ಶೆಡ್ಡೇ ಯಾಕೆ ಬೇಕಿತ್ತು ನಿನಗೆ?" ಎಂದಳು ರಮಾತಾ.

"ಅಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ ತಾಯಿ."

"ಯಾರೂ ಇಲ್ಲದ ಜಾಗ ಈ ಊರಲ್ಲಿ ಎಲ್ಲಿದೆ?" ತಮ್ಮ ಮತ್ತೆ ಒನಕೆ ಎತ್ತಿದ. "ಸಾಕು," ಎಂದಳು ಅವಳು. "ಬಾಯಿ ಉಳೀಲಿ. ನೀನು ಪೇಪರು ಓದೋ ಅಂಗಡಿ ಮುಂದೆ ನಿಂತು ಇದೇ ಮಾತು ಎಲ್ಲರಿಗೂ ಹೇಳು. ನಾನೂ ಬರ್ತೀನಿ."

ಬಂದಳು. ಯೊಬುವೆಯ ಹಗ್ಗದ ಮುಂದೆ, ಊದಿದ ತುಟಿಯಲ್ಲಿ, ದಿಗ್ಬೆ ಹೇಳಿದ: ಐದನೇ ಪುಟದಲ್ಲಿ ಆ ಮಾತು ಇರಲಿಲ್ಲ, ನಾನೇ ಹುಟ್ಟಿಸಿದೆ, ಮಿಲ್ಲಿನಲ್ಲಿ ಬಂದೂಕು ಇರಲಿಲ್ಲ, ಸತ್ತವನು ಬಾಕರಿ ಸನೊಗೊ, ಹಾಸಿಗೆ ತುಂಬುವವನು.

ಹಳೇ ನೀಲಿಯವನೊಬ್ಬ, "ಏನು ಹೇಳ್ತೀಯ ದಿಗ್ಬೆ? ಫೋಟೋ ಸಮೇತ ಬಂದಿತ್ತು. ಈಗ ಗೆದ್ದವರಿಗೆ ಹೆದರಿ ಮಾತು ಬದಲಾಯಿಸ್ತೀಯ?" ಎಂದ.

"ಅವನು ಹೆದರ್ತಿಲ್ಲ, ನಮ್ಮ ವೀರನ ಹೆಸರು ಕೆಡಿಸ್ತಿದಾನೆ," ಎಂದ ಹಸಿರಿನವನು. "ನಮ್ಮ ಪೇಪರೂ ಹೋದ ವಾರ ಬರೆದಿದೆ. ಬಾಕರಿ ನಮ್ಮ ಹುಡುಗರ ಬಂದೂಕು ಕಾಯ್ತಾ ಪ್ರಾಣ ಕೊಟ್ಟ ಅಂತ. ಹಾಸಿಗೆಯಂತೆ ಹಾಸಿಗೆ!"

"ನೋಡು, ನಿಮ್ಮವರೇ ಒಪ್ಕೊಂಡ್ರು ಬಂದೂಕು ಇತ್ತು ಅಂತ!"

"ಇತ್ತು ಕಣೋ, ಏನೀಗ?"

ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ಬಿಡಿಸಲು ಹೋದ ಲಸಿನಾನ ಊರುಗೋಲನ್ನು ಯಾರೋ ಕಿತ್ತು ಇನ್ನೊಬ್ಬನ ತಲೆಗೆ ಬಾರಿಸಿದರು. ರಮಾತಾ ಗುಂಪಿನ ನಡುವೆ ಬಂದು, "ನನ್ನ ಗಂಡ ಹತ್ತಿ ತುಂಬ್ತಿದ್ದ," ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಒಬ್ಬ ಮಾತ್ರ ತಿರುಗಿ, "ನೀನು ಯಾವ ಪೇಪರಿನಲ್ಲಿ ಓದಿದೆಯಮ್ಮ?" ಎಂದ.

ಅವಳು ಸೊಂಟಕ್ಕೆ ಸುತ್ತಿದ ಬಟ್ಟೆ ಬಿಗಿಮಾಡಿಕೊಂಡು ವ್ಯಾನು ನಿಲ್ಲುವ ಕಡೆಗೆ ನಡೆದಳು. ದಿಗ್ಬೆ ಹಿಂದೆಯೇ ಹೋದ. ರಸ್ತೆ ದಾಟುವಾಗ ಅವಳು ತಿರುಗಿ ನೋಡದೆ, "ನನ್ನ ಹಿಂದೆ ಬರಬೇಡ," ಎಂದಳು.

ದಿಗ್ಬೆ ರಸ್ತೆಯ ನಡುವೆ ನಿಂತುಬಿಟ್ಟ. ವ್ಯಾನುಗಳು ಹಾರನ್ ಬಾರಿಸುತ್ತ, ಬೈಯುತ್ತ, ಅವನ ಎರಡೂ ಬದಿಯಿಂದ ಹಾದುಹೋದವು.