ಹದಿನಾಲ್ಕು ದಿನದ ಅಮ್ಮ

ಇಪ್ಪತ್ತೊಂಬತ್ತು ವರ್ಷ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ದನಿಗಳನ್ನು ಒಂದಕ್ಕೊಂದು ಜೋಡಿಸಿದ್ದೇನೆ. ಕಿವಿಗೆ ಹೆಡ್‌ಫೋನು, ಎದುರಿಗೆ ಸಾಲು ಸಾಲು ತೂತುಗಳ ಹಲಗೆ, ಎರಡೂ ಕೈಯಲ್ಲಿ ವೈರು. ಅಳುತ್ತಾ ಲೈನಿಗೆ ಬಂದವರನ್ನು ಕಾಯಿಸಬಾರದು ಎನ್ನುವುದು ನಾನೇ ಮಾಡಿಕೊಂಡಿದ್ದ ಕಾನೂನು. ಆ ಕಡೆಯ ದನಿ ಒಂದು ಸಲ ಕೇಳಿಸಿದರೆ ಸಾಕು, ಈ ಕಡೆಯ ಅಳು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಸಾವಿರ ಸಲ ಕಿವಿಯಾರೆ ಕೇಳಿದವಳು ನಾನು. ಮೊಮ್ಮಗಳ ವಿಷಯದಲ್ಲಿ ನಾನು ಮಾಡಿದ ಎಡವಟ್ಟಿಗೆ ಈ ಕಸುಬೇ ಕಾರಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬಸುರಿ ಮಗಳಿಗೆ ಎಂಟು ತಿಂಗಳು ತುಂಬುವ ಹೊತ್ತು. ಮಾಮೂಲಿ ತಪಾಸಣೆಗೆಂದು ಹೋದವಳನ್ನು ಆಸ್ಪತ್ರೆಯವರು ವಾಪಸ್ಸು ಕಳಿಸಲಿಲ್ಲ. ರಕ್ತದೊತ್ತಡ ಏರಿತ್ತು. "ಮಗು ಇನ್ನೂ ಮೂರು ವಾರ ಒಳಗೇ ಇರಬೇಕು. ಅಲ್ಲೀವರೆಗೂ ನೀವು ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ, ಚಿಂತೆ ಮಾಡೋ ಹಾಗಂತೂ ಇಲ್ಲವೇ ಇಲ್ಲ" ಎಂದರಂತೆ ಡಾಕ್ಟರಮ್ಮ. ಚಿಂತೆ ಮಾಡಬೇಡಿ ಎಂದು ಹೇಳುವುದು ನೀರು ಕುಡಿದಷ್ಟು ಸುಲಭ. ಮನೆಯಲ್ಲಿ ಎರಡು ವರ್ಷದ ಮಗಳನ್ನು ಬಿಟ್ಟು ಬಂದ ತಾಯಿ ಇನ್ನೇನು ಮಾಡುತ್ತಾಳೆ? ವಾರ್ಡಿಗೆ ಚಿಕ್ಕಮಕ್ಕಳನ್ನು ಬಿಡುವುದಿಲ್ಲ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದರು.

ಅಳಿಯನ ಅಕ್ಕ ಬೇರೆ ಊರಿನಲ್ಲಿದ್ದಾಳೆ, ಒಳ್ಳೆಯವಳು. ಮಗುವನ್ನು ತಾನು ಕರೆದುಕೊಂಡು ಹೋಗುತ್ತೇನೆ, ವಯಸ್ಸಾದವರಿಗೆ ಯಾಕೆ ತೊಂದರೆ ಎಂದಳು. ವಯಸ್ಸಾದವರು ಎಂದದ್ದು ನನಗೆ ಸರಿಬರಲಿಲ್ಲ. "ನಮ್ಮ ಕೈಕಾಲು ಇನ್ನೂ ಬಿದ್ದುಹೋಗಿಲ್ಲಮ್ಮ" ಎಂದು ಫೋನಿಟ್ಟೆ. ಮಾರನೆಯ ಬೆಳಿಗ್ಗೆಯೇ ನಾನು, ಇವರು, ನಮ್ಮ ಎರಡು ಚೀಲ, ಎಲ್ಲ ಮಗಳ ಮನೆ ಸೇರಿದೆವು. ಇವರು ಎಂದರೆ ನನ್ನ ಗಂಡ. ಮೂವತ್ತಾರು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ದಾರಿಯ ಮೇಲೆ ಕಣ್ಣಿಟ್ಟವರಿಗೆ ಮಾತಿನ ಅಗತ್ಯವಿಲ್ಲ ಎಂದು ನಂಬಿ, ಮನೆಯಲ್ಲೂ ಅದನ್ನೇ ಪಾಲಿಸಿಕೊಂಡು ಬಂದಿದ್ದಾರೆ. ಅಳಿಯ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೆಳಗಿನ ಜಾವ ಅಲ್ಲಿ, ಮಧ್ಯಾಹ್ನದಿಂದ ಆಸ್ಪತ್ರೆಯಲ್ಲಿ. ಮನೆಗೆ ಬಂದರೂ ಮೈಯೆಲ್ಲ ಹಿಟ್ಟು, ಕಣ್ಣೆಲ್ಲ ನಿದ್ದೆ.

ಮೊಮ್ಮಗಳಿಗೆ ನಾವು ಇಟ್ಟ ಹೆಸರು ಇನ್ಸ್‌ಪೆಕ್ಟರ್. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಡ್ರಾಯರ್ ಎಳೆದು, ಮಂಚದ ಕೆಳಗೆ ಬಗ್ಗಿ, ಪರದೆ ಸರಿಸಿ, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಕೂರುವವಳು. ಮೊದಲ ದಿನ ನನ್ನ ಚೀಲವನ್ನು ಪೂರ್ತಿ ತಪಾಸಣೆ ಮಾಡಿ, ಕನ್ನಡಕದ ಡಬ್ಬಿಯನ್ನು ಜಪ್ತಿ ಮಾಡಿಕೊಂಡು ಹೋದಳು. ಪರವಾಗಿಲ್ಲ, ಹೊಂದಿಕೊಳ್ಳುತ್ತಾಳೆ ಅಂದುಕೊಂಡೆ.

ಸಂಜೆ ಆರಕ್ಕೆ ಫೋನು ಬಂತು. ಪರದೆಯ ಮೇಲೆ ಅಮ್ಮನ ಮುಖ ಕಂಡು ಇನ್ಸ್‌ಪೆಕ್ಟರ್ ಕುಣಿದಳು. ಆಮೇಲೆ ಫೋನನ್ನು ತಿರುಗಿಸಿ ಹಿಂದೆ ನೋಡಿದಳು. ಅಮ್ಮ ಅಲ್ಲಿರಲಿಲ್ಲ. ಮಂಚದ ಕೆಳಗೆ ನೋಡಿದಳು, ಬೀರು ತೆಗೆಸಿ ನೋಡಿದಳು, ಬಚ್ಚಲ ಬಾಗಿಲು ತೆಗೆಸಿ ನೋಡಿದಳು. ಎಲ್ಲೂ ಸಿಗದಿದ್ದಾಗ ಹೊರಬಾಗಿಲ ಮುಂದೆ ಕೂತು ಶುರುಮಾಡಿದಳು ನೋಡಿ, ಎರಡು ಗಂಟೆ. ಕುಡಿದಿದ್ದ ಹಾಲೆಲ್ಲ ಕಕ್ಕಿಕೊಂಡಳು. ಇವರು ಎತ್ತಿಕೊಂಡರೆ ಇವರ ಕಿವಿ ಹಿಡಿದು ಜಗ್ಗಿದಳು, ನಾನು ಎತ್ತಿಕೊಂಡರೆ ನನ್ನ ಕೂದಲು.

ನನಗೆ ಗೊತ್ತಿದ್ದ ಮದ್ದು ಒಂದೇ. ಲೈನು ಸರಿಯಿಲ್ಲದಿದ್ದರೆ ಇನ್ನೊಂದು ಸಲ ಜೋಡಿಸು. ಎರಡನೆಯ ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಕರೆ ಮಾಡಿಸಿದೆ. ಮೂರನೆಯ ದಿನ ಮೂರು. ನಾಲ್ಕನೆಯ ದಿನ ನಾಲ್ಕು. ಕರೆ ಹೆಚ್ಚಿದಷ್ಟೂ ಹುಡುಕಾಟ ಹೆಚ್ಚಿತು, ಅಳು ಹೆಚ್ಚಿತು, ಊಟ ಕಡಿಮೆಯಾಯಿತು. ಆ ಕಡೆ ಮಗಳು ಇದನ್ನೆಲ್ಲ ಕಣ್ಣಾರೆ ನೋಡುತ್ತಿದ್ದಳು. ನಾಲ್ಕನೆಯ ಸಂಜೆ ಅಳಿಯ ಕರೆ ಮಾಡಿದ. "ಅತ್ತೆ, ಬಿಪಿ ನೂರ ಅರವತ್ತು ದಾಟಿದೆ. ಹೀಗೇ ಆದರೆ ಮಗೂನ ಈಗಲೇ ಹೊರಗೆ ತೆಗೀಬೇಕಾಗುತ್ತಂತೆ. ಅದರ ಮೇಲೆ ಇವಳು ಮನೆಗೆ ಹೋಗ್ತೀನಿ ಅಂತ ಚಪ್ಪಲಿ ಹುಡುಕ್ತಿದ್ದಾಳೆ."

ಆದರೂ ನನ್ನ ಬುದ್ಧಿ ಹೋದದ್ದು ಎಲ್ಲಿಗೆ? "ಫೋನು ಅವಳಿಗೆ ಕೊಡು, ಮಗು ಕೈಲಿ ಮಾತಾಡಿಸ್ತೀನಿ" ಎಂದೆ.

ಇವರು ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡು, ಆಮೇಲೆ ಮಾಡ್ತೀವಪ್ಪ ಎಂದು ಇಟ್ಟುಬಿಟ್ಟರು. ನನಗೆ ಮೈ ಉರಿದುಹೋಯಿತು.

"ಸ್ಟಾಪಲ್ಲಿ ಬಸ್ಸು ನಿಲ್ಲಿಸಿ ಬಾಗಿಲು ತೆಗೀದೇ ಇದ್ದರೆ ಜನ ಏನು ಮಾಡ್ತಾರೆ?" ಎಂದರು ಇವರು.

"ಈಗ ಬಸ್ಸಿನ ಕಥೆ ಯಾಕೆ?"

"ಬಡೀತಾರೆ. ನಿಲ್ಲಿಸದೇ ಹೋದರೆ ಬೈಕೊಂಡು ಸುಮ್ಮನಾಗ್ತಾರೆ, ಮುಂದಿನದಕ್ಕೆ ಕಾಯ್ತಾರೆ. ನೀನು ದಿನಕ್ಕೆ ನಾಲ್ಕು ಸಲ ಬಸ್ಸು ತಂದು ಅವಳ ಮುಂದೆ ನಿಲ್ಲಿಸ್ತಿದ್ದೀಯ. ಬಾಗಿಲು ಮಾತ್ರ ತೆಗೀತಿಲ್ಲ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನೆನಪಿಲ್ಲ. ಬಾಯಿಗೆ ಬಂದಂತೆ ಬೈದೆ. ನಿಮಗೇನು ಗೊತ್ತು, ಎಷ್ಟು ಜನರ ಅಳು ನಿಲ್ಲಿಸಿದವಳು ನಾನು ಎಂದೆ. ಬೈಯುತ್ತಾ ಬೈಯುತ್ತಾ ನನಗೇ ಅರ್ಥವಾಯಿತು. ನಾನು ಜೋಡಿಸುತ್ತಿದ್ದವರೆಲ್ಲ ದೊಡ್ಡವರು. ಆ ಕಡೆಯ ದನಿ ದೂರದ ಊರಿನದು ಎಂದು ಅವರಿಗೆ ತಿಳಿದಿತ್ತು. ಈ ಮಗುವಿಗೆ ದೂರ ಎಂದರೆ ಮಂಚದ ಕೆಳಗೆ.

ಮಾರನೆಯ ದಿನ ಮಗುವನ್ನು ಇವರ ಕೈಗೆ ಬಿಟ್ಟು ಒಬ್ಬಳೇ ಆಸ್ಪತ್ರೆಗೆ ಹೋದೆ. ಆರು ಮಂಚದ ವಾರ್ಡು. ಮಗಳು ಎಡಮಗ್ಗುಲಿಗೆ ಮಲಗಿದ್ದಳು, ಕೈಗೆ ಬಿಪಿ ನೋಡುವ ಪಟ್ಟಿ ಸುತ್ತಿದ್ದರು, ಮುಖ ಊದಿತ್ತು. ನನ್ನನ್ನು ಕಂಡವಳೇ "ಮಗು ಎಲ್ಲಿ?" ಎಂದಳು. ಕೂತು ನೀರು ಕುಡಿದು ಹೇಳಿದೆ.

"ಇವತ್ತಿಂದ ಫೋನು ಬೇಡ. ನಿನ್ನ ಮುಖ ಅವಳಿಗೆ ತೋರಿಸೋದು ಬೇಡ, ದನಿ ಕೇಳಿಸೋದೂ ಬೇಡ."

ಮಗಳು ದಿಂಬಿನಿಂದ ತಲೆಯೆತ್ತಿದಳು. "ನನ್ನ ಮಗಳು ನನ್ನ ಮರೀಲಿ ಅಂತಾನಾ?"

"ಮರೆಯಲ್ಲ."

"ಮರೆತರೆ?"

"ಮರೆತರೆ ನೆನಪಿಸೋಕೆ ನಿನಗೆ ಇಡೀ ಜೀವಮಾನ ಇದೆ. ಹೊಟ್ಟೇಲಿರೋದಕ್ಕೆ ಈಗ ಇರೋದು ಹದಿನಾರು ದಿನ ಮಾತ್ರ."

ನನ್ನ ನಾಲಿಗೆ ಕತ್ತರಿಯಂಥದು, ಗೊತ್ತು. ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು. ಪಕ್ಕದ ಮಂಚದ ಹೆಂಗಸು ನನ್ನನ್ನು ರಾಕ್ಷಸಿಯನ್ನು ನೋಡುವಂತೆ ನೋಡಿದಳು. ನಾನು ಅಲ್ಲಾಡದೆ ಕೂತಿದ್ದೆ. ಕೊನೆಗೆ ಮಗಳು ಗೋಡೆಯ ಕಡೆಗೇ ಮಾತಾಡಿದಳು. "ದಿನಾ ಸಂಜೆ ನೀನು ನನಗೆ ಫೋನ್ ಮಾಡಬೇಕು. ಮಗು ಮಲಗಿದ ಮೇಲೆ. ತಿಂದಿದ್ದು, ಅತ್ತಿದ್ದು, ಬಿದ್ದಿದ್ದು, ಎಲ್ಲ ಹೇಳಬೇಕು. ಒಂದು ಸುಳ್ಳು ಹೇಳಿದೆ ಅಂತ ಗೊತ್ತಾದರೂ ಎದ್ದು ಬಂದುಬಿಡ್ತೀನಿ." ಹಠದಲ್ಲಿ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. ಆಗಲಿ ಎಂದೆ.

ಆಮೇಲಿನದು ಶುದ್ಧ ದುಡಿಮೆ. ತಿಂಡಿಯಾದ ಮೇಲೆ ಇವರು ಊಟದ ಮೇಜಿನ ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡುತ್ತಿದ್ದರು. ಪಾತ್ರೆಯ ಮುಚ್ಚಳ ಸ್ಟೀರಿಂಗು. ಇನ್ಸ್‌ಪೆಕ್ಟರ್ ಇವರ ತೊಡೆಯ ಮೇಲೆ ಕೂತು ಓಡಿಸಬೇಕು, ನಾನು ಪ್ರಯಾಣಿಕಳಾಗಿ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿನೋವಿನ ಪ್ರಯಾಣಿಕರಿಗೆ ರಿಯಾಯಿತಿ ಇರಲಿಲ್ಲ. ಹನ್ನೊಂದಕ್ಕೆ ನಿಜವಾದ ಬಸ್ ನಿಲ್ದಾಣಕ್ಕೆ ಹೋಗಿ, ಬಂದುಹೋಗುವ ಬಸ್ಸಿಗೆಲ್ಲ ಕೈಬೀಸುವುದು. ಇವರ ಹಳೆಯ ಗೆಳೆಯರು ಹಾರ್ನ್ ಹೊಡೆದು ಗೌರವ ಸಲ್ಲಿಸುವುದು. ಬಂದು ಆಲೂಗಡ್ಡೆ ಕಿವುಚಿ ತಿನ್ನಿಸುವುದು. ಜಪ್ಪಯ್ಯ ಎಂದರೂ ಮೂರನೆಯ ತುತ್ತಿಗೆ ಬಾಯಿ ತೆಗೆಯದವಳು ಏಳನೆಯ ದಿನದ ಹೊತ್ತಿಗೆ ತಟ್ಟೆ ಖಾಲಿ ಮಾಡಿ ಇನ್ನಷ್ಟು ಬೇಕೆಂದಳು. ಮಧ್ಯಾಹ್ನ ಇವರ ಎದೆಯ ಮೇಲೇ ನಿದ್ದೆ. ತಾವು ಎದ್ದರೆ ಅವಳಿಗೆ ಎಚ್ಚರವಾಗುತ್ತದೆ ಎಂದು ಇವರು ಎರಡು ಗಂಟೆ ಅಲ್ಲಾಡದೆ ಬಿದ್ದಿರುತ್ತಿದ್ದರು. ಸೊಂಟ ಹಿಡಿದುಕೊಂಡಿತು. ಬೆಲ್ಟು ಕಟ್ಟಿಕೊಂಡು ಮಾರನೆಯ ದಿನ ಮತ್ತೆ ಡ್ಯೂಟಿಗೆ ಹಾಜರು.

ಸಂಜೆ ನಾನು ವರದಿ ಒಪ್ಪಿಸುತ್ತಿದ್ದೆ. ಇವತ್ತು ಒಂದೇ ಸಲ ಹುಡುಕಿದಳು. ಇವತ್ತು ಹುಡುಕಲಿಲ್ಲ. ಇವತ್ತು ನಕ್ಕಳು. ಒಂದೊಂದು ಒಳ್ಳೆಯ ಸುದ್ದಿಗೂ ಆ ಕಡೆ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು. ನನ್ನ ಕಿವಿಗೆ ಅದು ತಪ್ಪುವುದುಂಟೆ? ಮಗಳು ಸುಖವಾಗಿದ್ದಾಳೆ ಎಂಬ ಸುದ್ದಿ ತಾಯಿಯ ಬಿಪಿ ಇಳಿಸುತ್ತಿತ್ತು, ಎದೆಯನ್ನು ಹಿಂಡುತ್ತಲೂ ಇತ್ತು. ಎರಡೂ ಗೊತ್ತಿದ್ದೇ ನಾನು ದಿನಾ ಹೇಳಿದೆ.

ಹನ್ನೊಂದನೆಯ ದಿನ, ಬಟ್ಟೆ ಮಡಚುತ್ತಾ ಕೂತಿದ್ದೆ. ಇನ್ಸ್‌ಪೆಕ್ಟರ್ ಓಡಿಬಂದು ನನ್ನ ಬೆನ್ನಿಗೆ ಬಿದ್ದು, ಕುತ್ತಿಗೆಗೆ ಕೈ ಹಾಕಿ, "ಅಮ್ಮ" ಎಂದಳು.

ಅಜ್ಜಿ ಎನ್ನುವ ಮಾತು ಅವಳಿಗಿನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ನನ್ನನ್ನು ಅವಳು ಹೆಸರಿಲ್ಲದೆಯೇ ದುಡಿಸಿಕೊಂಡಿದ್ದಳು. "ಅಜ್ಜಿ ಕಣೇ" ಎಂದೆ. "ಅಮ್ಮ" ಎಂದಳು. ಸಂಜೆಯೊಳಗೆ ನಲವತ್ತು ಸಲ ತಿದ್ದಿದೆ. ನಲವತ್ತು ಸಲವೂ ಅಮ್ಮನೇ. ನನಗೆ ಸಂಕಟವಾಯಿತು ಎಂದಷ್ಟೇ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಹಿಗ್ಗೂ ಆಯಿತು. ಮಗಳನ್ನು ಆಯಾ ಕೈಗೆ ಕೊಟ್ಟು ಎಕ್ಸ್‌ಚೇಂಜಿಗೆ ಓಡುತ್ತಿದ್ದ ಕಾಲದಲ್ಲಿ ನನಗೆ ದಿನವಿಡೀ ಆ ಪದ ಕೇಳುವ ಭಾಗ್ಯ ಇರಲಿಲ್ಲ. ಆ ಹಿಗ್ಗಿಗೆ ನನಗೇ ನಾಚಿಕೆಯಾಯಿತು.

ಅಂದಿನ ವರದಿಯಲ್ಲಿ ಅದನ್ನು ಬಿಟ್ಟೆ. ತಟ್ಟೆ ಖಾಲಿ, ನಿದ್ದೆ ಸಲೀಸು, ಮಂಡಿಗೆ ಸ್ವಲ್ಪ ತರಚಿದೆ ಎಂದು ಮುಗಿಸಿದೆ.

"ಏನು ಮುಚ್ಚಿಡ್ತಿದ್ದೀಯ?" ಎಂದಳು ಮಗಳು.

"ಏನೂ ಇಲ್ಲ."

"ಅಮ್ಮ, ಚಪ್ಪಲಿ ಮಂಚದ ಕೆಳಗೇ ಇದೆ."

ಹೇಳಿದೆ. ಆ ಕಡೆ ಎಲ್ಲೋ ಟ್ರಾಲಿ ಉರುಳಿತು, ಯಾರೋ ನರ್ಸನ್ನು ಕರೆದರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಈ ಒಂದು ಮಾತಿನಿಂದ ಎಲ್ಲ ನೀರುಪಾಲಾಯಿತು ಎಂದೇ ಭಾವಿಸಿದೆ.

"ತಿದ್ದಬೇಡ" ಎಂದಳು ಮಗಳು.

"ಏನು?"

"ತಿದ್ದಬೇಡ ಅಮ್ಮ. ಅವಳಿಗೆ ಈಗ ಅಮ್ಮ ಬೇಕು. ಇರೋರನ್ನ ಕರೀಲಿ. ನೀನು ಓ ಅನ್ನು."

ಮಾತು ಗಟ್ಟಿಯಾಗಿತ್ತು. ಗೆದ್ದವಳು ನಾನಲ್ಲ, ಇವಳು ಎಂದು ಆಗ ಅನಿಸಿತು. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಮಾರನೆಯ ದಿನದಿಂದ ಓ ಎಂದೆ.

ಇಪ್ಪತ್ತೆರಡನೆಯ ದಿನ ಗಂಡುಮಗು ಹುಟ್ಟಿತು. ತುಂಬಿದ ಮಗು, ಕೆಂಡದಂಥ ಅಳು. ಮೂರು ದಿನ ಬಿಟ್ಟು ಮನೆಗೆ ಕಳಿಸಿದರು.

ಮಗಳು ಕಾರಿನಿಂದ ಇಳಿದಾಗ ನಾನು ಬಾಗಿಲಲ್ಲಿ ಇನ್ಸ್‌ಪೆಕ್ಟರನ್ನು ಎತ್ತಿಕೊಂಡು ನಿಂತಿದ್ದೆ. ಕೂಸು ಅಳಿಯನ ಕೈಯಲ್ಲಿತ್ತು. ಮಗಳು ಬೇಕೆಂದೇ ಎರಡೂ ಕೈ ಖಾಲಿ ಇಟ್ಟುಕೊಂಡು ಬಂದಿದ್ದಳು. ಆ ಕೈಗಳನ್ನು ಚಾಚಿದಳು. ಇನ್ಸ್‌ಪೆಕ್ಟರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಖವನ್ನು ನನ್ನ ಕುತ್ತಿಗೆಯಲ್ಲಿ ಹುದುಗಿಸಿ, "ಅಮ್ಮ" ಎಂದಳು. ನನಗೆ.

ಮಗಳ ಕೈ ಚಾಚಿದಂತೆಯೇ ಇತ್ತು. ಕೆಳಗೆ ಇಳಿಸಲಿಲ್ಲ.

ನಾನು ಎದುರಿಗೆ ಇರುವಷ್ಟು ಹೊತ್ತು ಈ ಮಗು ಅತ್ತ ತಿರುಗುವುದಿಲ್ಲ ಎಂದು ನನಗೆ ಹೊಳೆಯಿತು. ನನ್ನ ಸೆರಗು ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವಳನ್ನು ಹಜಾರದ ನೆಲದ ಮೇಲೆ ಇಳಿಸಿದೆ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಿಂದೆಯೇ ಓಡಿಬಂದಳು. "ಅಮ್ಮ, ಅಮ್ಮ" ಎಂದು ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಚಿಲಕ ಹಾಕಿದ್ದರೂ ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೆ. ನನ್ನ ಕೈಯನ್ನೇ ನಾನು ನಂಬುವಂತಿರಲಿಲ್ಲ.

ಹೊರಗೆ ಮಗಳು ಪ್ರಯಾಸಪಟ್ಟು ನೆಲಕ್ಕೆ ಕೂತದ್ದು ಕೇಳಿಸಿತು. ಅವಳು ಬಾ ಎನ್ನಲಿಲ್ಲ, ನಾನೇ ಅಮ್ಮ ಎನ್ನಲಿಲ್ಲ. "ಅಜ್ಜಿ ಬಾಗಿಲು ಹಾಕಿಕೊಂಡುಬಿಟ್ಟರಾ? ನಾನೂ ಕಾಯ್ತೀನಿ, ಇಬ್ಬರೂ ಕಾಯೋಣ" ಎಂದಳು. ಬಡಿತ ಮುಂದುವರಿಯಿತು. ನಿಧಾನವಾಯಿತು. ಬಿಕ್ಕಳಿಕೆಯಾಯಿತು. ಆಮೇಲೆ ಅದೂ ನಿಂತಿತು. ಬಾಗಿಲಿಗೆ ಕಿವಿಯಿಟ್ಟೆ.

ಮೂಗು ಸುರಿಸಿಕೊಂಡು, ದೂರು ಕೊಡುವ ದನಿಯಲ್ಲಿ, ಇನ್ಸ್‌ಪೆಕ್ಟರ್ ಹೇಳುತ್ತಿದ್ದಳು: "ಅಮ್ಮ, ಅಜ್ಜಿ ಒಳಗೆ."

"ಹೂಂ ಮಗಳೇ, ಅಜ್ಜಿ ಒಳಗಿದ್ದಾರೆ" ಎಂದಳು ನನ್ನ ಮಗಳು.

ನಾನು ತಕ್ಷಣ ಬಾಗಿಲು ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಒಳಗೇ ನಿಂತಿದ್ದೆ.